ಮೃತರ ದ್ವೀಪ (ವರ್ಣಚಿತ್ರ)

'ಮೃತರ ದ್ವೀಪ' (ಜರ್ಮನ್ ಭಾಷೆಯಲ್ಲಿ 'ಡೀ ಟೋಟೆನ್‌ಇನ್ಸೆಲ್') ಸ್ವಿಟ್ಜರ್ಲೆಂಡಿನ ಚಿತ್ರಕಲಾವಿದ ಆರ್ನಾಲ್ಡ್ ಬ್ಯೋಕ್ಲಿನ್ (1827–1901) ರಚಿಸಿದ ಪ್ರಸಿದ್ಧ ತೈಲವರ್ಣಚಿತ್ರ. 1880ರಿಂದ 1886ರವರೆಗಿನ ಅವಧಿಯಲ್ಲಿ ಆತ ಇದನ್ನು ಐದು ಬಾರಿ ಚಿತ್ರಿಸಿದನು. ಇದು ಸಂಕೇತವಾದದ ಪ್ರಮುಖ ಕೃತಿಗಳಲ್ಲಿ ಒಂದಾಗಿದೆ. ಕಣ್ಣಿಗೆ ಕಾಣುವುದನ್ನು ಯಥಾವತ್ತಾಗಿ ಬಿಡಿಸುವ ಬದಲು ಕನಸು, ಭಯ, ಮರಣ ಮೊದಲಾದ ಅಗೋಚರ ವಿಷಯಗಳನ್ನು ಸಂಕೇತಗಳ ಮೂಲಕ ಸೂಚಿಸುವ ಕಲಾಪಂಥವೇ ಸಂಕೇತವಾದ. ಇದು 19ನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನಲ್ಲಿ ಬೆಳೆಯಿತು.

ಚಿತ್ರದ ವಿವರ

ಅಲೆಗಳಿಲ್ಲದ ಕಪ್ಪು ನೀರಿನ ನಡುವೆ ಕಡಿದಾದ ಬಂಡೆಗಳ ಪುಟ್ಟ ದ್ವೀಪವಿದೆ. ಬಂಡೆಗಳಲ್ಲಿ ಸಮಾಧಿಯ ಕೋಣೆಗಳನ್ನು ಕೊರೆಯಲಾಗಿದೆ. ನಡುವೆ ಎತ್ತರವಾದ ಸೈಪ್ರಸ್ ಮರಗಳು ದಟ್ಟವಾಗಿ ನಿಂತಿವೆ. ಮೆಡಿಟರೇನಿಯನ್ ತೀರದ ನಾಡುಗಳಲ್ಲಿ ಇವು ಸ್ಮಶಾನದ ಮರಗಳು. ಒಂದು ಸಣ್ಣ ದೋಣಿ ದ್ವೀಪವನ್ನು ಸಮೀಪಿಸುತ್ತಿದೆ. ಅದರಲ್ಲಿ ಒಬ್ಬ ಅಂಬಿಗ, ಬಿಳಿಯ ವಸ್ತ್ರ ಹೊದ್ದು ನಮಗೆ ಬೆನ್ನು ಮಾಡಿ ನಿಂತ ಒಂದು ಆಕೃತಿ ಮತ್ತು ಒಂದು ಶವಪೆಟ್ಟಿಗೆ ಇವೆ.

ಹಿನ್ನೆಲೆ

ಬ್ಯೋಕ್ಲಿನ್ ಇಟಲಿಯ ಫ್ಲಾರೆನ್ಸ್ ನಗರದಲ್ಲಿದ್ದಾಗ ಮೊದಲ ಚಿತ್ರವನ್ನು ಆರಂಭಿಸಿದನು. 1880ರಲ್ಲಿ ಮಾರೀ ಬೆರ್ನಾ ಎಂಬ ಮಹಿಳೆ ಅವನ ಚಿತ್ರಶಾಲೆಗೆ ಬಂದಳು. ಆಕೆಯ ಪತಿ ಡಿಫ್ತೀರಿಯಾ (ಗಂಟಲಮಾರಿ) ರೋಗದಿಂದ ತೀರಿಕೊಂಡಿದ್ದನು. ಅಪೂರ್ಣವಾಗಿದ್ದ ಚಿತ್ರವನ್ನು ಕಂಡು ಆಕೆ ತನಗೂ ಅಂಥದೊಂದನ್ನು ಬರೆದುಕೊಡುವಂತೆ ಕೋರಿದಳು. ಶವಪೆಟ್ಟಿಗೆಯೂ ಬಿಳಿಯ ಆಕೃತಿಯೂ ಆಕೆಯ ಕೋರಿಕೆಯಂತೆ ಸೇರಿದವು. ಬಳಿಕ ಕಲಾವಿದನು ಅವನ್ನು ಮೊದಲ ಚಿತ್ರಕ್ಕೂ ಸೇರಿಸಿದನು. ಸಾವು ಬ್ಯೋಕ್ಲಿನ್‌ನಿಗೂ ಅಪರಿಚಿತವಾಗಿರಲಿಲ್ಲ. ಅವನ 14 ಮಕ್ಕಳಲ್ಲಿ 8 ಮಂದಿ ಅವನಿಗಿಂತ ಮೊದಲೇ ತೀರಿಕೊಂಡರು. ಹಸುಳೆಯಾಗಿದ್ದಾಗಲೇ ತೀರಿಕೊಂಡ ಮಗಳು ಮರಿಯಾಳನ್ನು ಹೂಳಿದ್ದ ಫ್ಲಾರೆನ್ಸಿನ 'ಇಂಗ್ಲಿಷ್ ಸ್ಮಶಾನ'ವು ಚಿತ್ರಶಾಲೆಗೆ ಹತ್ತಿರದಲ್ಲಿಯೇ ಇದ್ದಿತು.

ಆವೃತ್ತಿಗಳು

1. 1880 – ಬಾಸೆಲ್ ಕಲಾಸಂಗ್ರಹಾಲಯ
2. 1880 – ಮೆಟ್ರೊಪಾಲಿಟನ್ ಸಂಗ್ರಹಾಲಯ, ನ್ಯೂಯಾರ್ಕ್ (ಮಾರೀ ಬೆರ್ನಾಗಾಗಿ ರಚಿಸಿದ್ದು)
3. 1883 – ಹಳೆಯ ರಾಷ್ಟ್ರೀಯ ಕಲಾಶಾಲೆ, ಬರ್ಲಿನ್
4. 1884 – ಎರಡನೆಯ ಮಹಾಯುದ್ಧದಲ್ಲಿ ನಾಶವಾಯಿತು; ಕಪ್ಪು-ಬಿಳುಪು ಛಾಯಾಚಿತ್ರ ಮಾತ್ರ ಉಳಿದಿದೆ
5. 1886 – ಲೈಪ್‌ಜಿಗ್ ಕಲಾಸಂಗ್ರಹಾಲಯ

ಇಂದು ಪ್ರಚಲಿತವಾಗಿರುವ ಶೀರ್ಷಿಕೆಯು ಕಲಾವಿದನದಲ್ಲ. ಚಿತ್ರಗಳ ವ್ಯಾಪಾರಿ ಫ್ರಿಟ್ಸ್ ಗುರ್ಲಿಟ್ 1883ರಲ್ಲಿ ಇದನ್ನು ನೀಡಿದನು.

ಅರ್ಥ

ದೋಣಿಯ ಅಂಬಿಗನನ್ನು ಗ್ರೀಕ್ ಪುರಾಣಗಳಲ್ಲಿ ಮೃತರನ್ನು ನದಿ ದಾಟಿಸುವ ಖಾರೋನ್‌ನೊಂದಿಗೆ ಹೋಲಿಸುವುದುಂಟು. ವೈತರಣಿಯ ಕಲ್ಪನೆಯನ್ನು ಬಲ್ಲ ಕನ್ನಡ ಓದುಗರಿಗೆ ಈ ನೀರು ಹೊಸದೆನಿಸದು. ಆದರೆ ಕನ್ನಡ ನಾಡಿನ ವೀರಗಲ್ಲುಗಳೊಂದಿಗೆ ಹೋಲಿಸಿದರೆ ವ್ಯತ್ಯಾಸವು ಸ್ಪಷ್ಟವಾಗುತ್ತದೆ. ವೀರಗಲ್ಲಿನ ಕೆಳಪಟ್ಟಿಯಲ್ಲಿ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ ಇರುವುದು ಸಾಮಾನ್ಯ. ಅಲ್ಲಿ ಪಯಣದ ಗುರಿ ನಿಶ್ಚಿತ. ಬ್ಯೋಕ್ಲಿನ್‌ನ ದೋಣಿಯಾದರೋ ಇನ್ನೂ ದಡ ಸೇರಿಲ್ಲ. ಮರಗಳ ಕತ್ತಲೆಯಾಚೆ ಏನಿದೆ ಎಂಬುದನ್ನು ಚಿತ್ರವು ಹೇಳುವುದಿಲ್ಲ. ಪತಿಯನ್ನು ಕಳೆದುಕೊಂಡ ಮಹಿಳೆಗೆ ಕಲಾವಿದನು ಉತ್ತರವನ್ನು ನೀಡಲಿಲ್ಲ, ಮೌನವಾಗಿ ನೆನೆಯಲು ಒಂದು ತಾಣವನ್ನು ನೀಡಿದನು.

ಪ್ರಭಾವ

ರಷ್ಯಾದ ಸಂಗೀತಕಾರ ಸೆರ್ಗೈ ರಾಖ್ಮಾನಿನಾಫ್ ಈ ಚಿತ್ರದ ಕಪ್ಪು-ಬಿಳುಪು ಪ್ರತಿಯನ್ನು ನೋಡಿ ಇದೇ ಹೆಸರಿನ ವಾದ್ಯವೃಂದ ಕೃತಿಯನ್ನು ರಚಿಸಿದನು. ಅದರ ಆರಂಭದ ಐದು ಮಾತ್ರೆಗಳ ಲಯವು ಹುಟ್ಟು ಹಾಕುವ ಚಲನೆಯನ್ನು ನೆನಪಿಸುತ್ತದೆ. 1888ರಲ್ಲಿ ಬ್ಯೋಕ್ಲಿನ್ ಇದಕ್ಕೆ ಪ್ರತಿಯಾಗಿ 'ಜೀವನದ ದ್ವೀಪ' ಎಂಬ ಉಲ್ಲಾಸಮಯ ಚಿತ್ರವನ್ನೂ ರಚಿಸಿದನು.