ನಡಿಗೆಯ ಮರುಪಾಠ

ನಡೆಯುವಾಗ ನಾವು ಹೆಜ್ಜೆಯನ್ನೆತ್ತಿದ ಕೂಡಲೇ ಪಾದದ ಮುಂಭಾಗವು ತಾನಾಗಿಯೇ ಮೇಲಕ್ಕೆ ಬಾಗುತ್ತದೆ. ಹಾಗೆ ಬಾಗದಿದ್ದರೆ ಬೆರಳುಗಳು ನೆಲಕ್ಕೆ ತಾಗಿ ಮುಗ್ಗರಿಸಬೇಕಾಗುತ್ತದೆ. ಈ ಸಣ್ಣ ಚಲನೆಯನ್ನು ನಡೆಸುವ ಸ್ನಾಯುಗಳು ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದಲ್ಲಿವೆ. ಅವುಗಳಿಗೆ ಮಿದುಳಿನ ಅಪ್ಪಣೆಯನ್ನು ತರುವ ನರವು ಮೊಣಕಾಲಿನ ಹೊರಮಗ್ಗುಲಲ್ಲಿ, ಚರ್ಮಕ್ಕೆ ತೀರ ಸಮೀಪದಲ್ಲಿ, ಮೂಳೆಯನ್ನು ಬಳಸಿಕೊಂಡು ಹಾದುಹೋಗುತ್ತದೆ. ಕುಷ್ಠರೋಗದಲ್ಲಿ ಈ ನರಕ್ಕೆ ಧಕ್ಕೆ ತಗಲುವುದುಂಟು. ಆಗ ಪಾದವು ಜೋತುಬೀಳುತ್ತದೆ. ರೋಗಿಯು ಪ್ರತಿ ಹೆಜ್ಜೆಗೂ ಮೊಣಕಾಲನ್ನು ವಾಡಿಕೆಗಿಂತ ಮೇಲಕ್ಕೆತ್ತಿ, ಪಾದವನ್ನು ನೆಲಕ್ಕೆ ಅಪ್ಪಳಿಸುತ್ತ ನಡೆಯಬೇಕಾಗುತ್ತದೆ.

ಔಷಧಗಳು ರೋಗಾಣುಗಳನ್ನು ಕೊಲ್ಲಬಲ್ಲವು. ಬಹುಕಾಲದಿಂದ ನಿಷ್ಕ್ರಿಯವಾಗಿರುವ ನರವನ್ನು ಎಚ್ಚರಿಸಲಾರವು. ಹಾಗಾದರೆ ಜೋತುಬಿದ್ದ ಪಾದಕ್ಕೆ ಗತಿಯೇನು?

1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರೂ ಅವರ ಸಹೋದ್ಯೋಗಿಗಳೂ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಪ್ರಮುಖರು. ಸ್ನಾಯುವನ್ನು ಮೂಳೆಗೆ ಬಂಧಿಸುವ ಬಿಳಿಯ ಹುರಿಗೆ ಸ್ನಾಯುರಜ್ಜುವೆಂದು ಹೆಸರು. ಪೋಲಿಯೋ ಪೀಡಿತರಲ್ಲಿ ಆರೋಗ್ಯವಂತ ಸ್ನಾಯುವಿನ ರಜ್ಜುವನ್ನು ಬೇರೆಡೆಗೆ ಜೋಡಿಸುವ ಪದ್ಧತಿಯು ಮೊದಲೇ ರೂಢಿಯಲ್ಲಿತ್ತು. ಅದನ್ನು ಅವರು ಕುಷ್ಠರೋಗಿಗಳ ಕೈಕಾಲುಗಳಿಗೆ ಅನ್ವಯಿಸಿ ಬೆಳೆಸಿದರು. ಮೀನಖಂಡದ ಆಳದಲ್ಲಿ, ಪಾದವನ್ನು ಒಳಕ್ಕೂ ಕೆಳಕ್ಕೂ ಎಳೆಯುವ ಸ್ನಾಯುವೊಂದಿದೆ. ಅದರ ನರವು ಆಳದಲ್ಲಿರುವುದರಿಂದ ಸಾಮಾನ್ಯವಾಗಿ ರೋಗಕ್ಕೆ ಸಿಕ್ಕುವುದಿಲ್ಲ. ಶಸ್ತ್ರವೈದ್ಯನು ಅದರ ರಜ್ಜುವಿನ ತುದಿಯನ್ನು ಬಿಡಿಸಿ, ಕಾಲಿನ ಮುಂಭಾಗಕ್ಕೆ ತಂದು, ಪಾದದ ಮೇಲ್ಭಾಗಕ್ಕೆ ಹೊಲಿಯುತ್ತಾನೆ. ಕೆಳಕ್ಕೆ ಎಳೆಯುತ್ತಿದ್ದುದು ಇನ್ನು ಮೇಲಕ್ಕೆ ಎಳೆಯಬೇಕು.

ಶಸ್ತ್ರವೈದ್ಯನ ಕೆಲಸವು ಅಂದೇ ಮುಗಿಯುತ್ತದೆ. ರೋಗಿಯ ಕೆಲಸವು ಅಂದಿನಿಂದ ಆರಂಭವಾಗುತ್ತದೆ.

ಅದರ ಮೊದಲ ಭಾಗವು ವಿಶ್ರಾಂತಿ. ಪಾದವನ್ನು ಮೇಲಕ್ಕೆ ಬಾಗಿಸಿ, ಸಾಮಾನ್ಯವಾಗಿ 4ರಿಂದ 6 ವಾರಗಳ ಕಾಲ ಪ್ಲಾಸ್ಟರಿನಲ್ಲಿ ಬಂಧಿಸಿಡುತ್ತಾರೆ. ಮೊದಲ ದಿನಗಳಲ್ಲಿ ಬಾವು ಇಳಿಯಲೆಂದು ಕಾಲನ್ನು ದಿಂಬುಗಳ ಮೇಲೆ ಎತ್ತರಿಸುತ್ತಾರೆ. ಇಷ್ಟು ದೀರ್ಘವಾದ ಬಂಧನವೇಕೆ? ಹೊಲಿಗೆಯ ದಾರವು ತಾತ್ಕಾಲಿಕ ಆಸರೆ ಮಾತ್ರ. ದೇಹವು ತನ್ನದೇ ಎಳೆಗಳನ್ನು ನೇಯ್ದು ರಜ್ಜುವನ್ನು ಹೊಸ ನೆಲೆಯಲ್ಲಿ ಬಿಗಿಯಬೇಕು. ಆ ಮೊದಲೇ ಪಾದವು ಕೆಳಗೆ ಜಗ್ಗಿದರೆ ರಜ್ಜು ಹಿಗ್ಗುತ್ತದೆ ಅಥವಾ ಕಿತ್ತುಬರುತ್ತದೆ. ಸಡಿಲಾದ ಲಗಾಮು ಕುದುರೆಯನ್ನು ಹಿಡಿಯಲಾರದು.

ಎರಡನೆಯ ಭಾಗವು ಕಲಿಕೆ. ಇಲ್ಲಿ ತೊಡಕಿರುವುದು ಕಾಲಿನಲ್ಲಲ್ಲ, ಮಿದುಳಿನಲ್ಲಿ. ಈ ಸ್ನಾಯು ಹಿಂದೆ ಕೆಲಸ ಮಾಡುತ್ತಿದ್ದುದು ಪಾದವು ನೆಲದ ಮೇಲೆ ಊರಿದ್ದಾಗ. ಈಗ ಪಾದವು ಗಾಳಿಯಲ್ಲಿರುವಾಗ ದುಡಿಯಬೇಕಾಗಿದೆ. ಮಿದುಳಿನ ಅಪ್ಪಣೆಯಾದರೋ ಹಳೆಯ ವೇಳಾಪಟ್ಟಿಯಂತೆಯೇ ಬರುತ್ತಿರುತ್ತದೆ. ಆದ್ದರಿಂದ ಪ್ಲಾಸ್ಟರನ್ನು ತೆಗೆದ ಮೇಲೆ ವ್ಯಾಯಾಮ ಚಿಕಿತ್ಸಕರು, "ಪಾದವನ್ನು ಮೇಲಕ್ಕೆತ್ತಿರಿ" ಎಂದು ಮೊದಲು ಹೇಳುವುದಿಲ್ಲ. "ಹಿಂದಿನಂತೆ ಒಳಕ್ಕೆ ತಿರುಗಿಸಲು ಯತ್ನಿಸಿರಿ" ಎನ್ನುತ್ತಾರೆ. ರೋಗಿಯು ಒಳಕ್ಕೆ ತಿರುಗಿಸಲು ಹೊರಟರೆ ಪಾದವು ಮೇಲಕ್ಕೇಳುತ್ತದೆ! ಕಣ್ಣು ಅದನ್ನು ಕಾಣುತ್ತದೆ, ಮಿದುಳು ಹೊಸ ಸಂಬಂಧವನ್ನು ಗುರುತಿಸುತ್ತದೆ. ಮೊದಲು ಮಲಗಿಕೊಂಡು, ಬಳಿಕ ಕುಳಿತು, ಆಮೇಲೆ ನಿಂತು, ಕೊನೆಗೆ ಹೆಜ್ಜೆಯಿಟ್ಟು ಇದನ್ನೇ ಅಭ್ಯಾಸ ಮಾಡಬೇಕು. ಅಭ್ಯಾಸವು ಬಲಿತಂತೆ ಯೋಚನೆಯಿಲ್ಲದೆಯೇ ಪಾದವು ಏಳತೊಡಗುತ್ತದೆ.

ಮೂರನೆಯದು ಕಾವಲು. ಇತರರಿಗೆ ಶಸ್ತ್ರಚಿಕಿತ್ಸೆಯಾದ ಕಾಲನ್ನು ಬೇಗನೆ ಊರಿದರೆ ನೋವು ತಡೆಯುತ್ತದೆ. ಕುಷ್ಠರೋಗಿಯ ಪಾದದಲ್ಲಿ ಹಲವು ವೇಳೆ ಸ್ಪರ್ಶಜ್ಞಾನವೇ ಇರುವುದಿಲ್ಲ. ನೋವೆಂಬ ಕಾವಲುಗಾರನು ಅಲ್ಲಿಲ್ಲ. ಈ ರೋಗಿಗಳ ಬೆರಳುಗಳು ನಶಿಸಲು ಬಹುಮಟ್ಟಿಗೆ ಕಾರಣವು ಅರಿವಿಲ್ಲದೆ ಆಗುವ ಗಾಯಗಳು ಹಾಗೂ ಅವುಗಳಿಗೆ ತಗಲುವ ಸೋಂಕು ಎಂಬುದನ್ನು ಬ್ರ್ಯಾಂಡ್ ಒತ್ತಿ ಹೇಳಿದರು. ಆದ್ದರಿಂದ ನೋವು ಮಾಡಬೇಕಾದ ಕೆಲಸವನ್ನು ಕಣ್ಣು, ಕೈಗಳು ಮಾಡಬೇಕು. ಪ್ರತಿದಿನವೂ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಕೆಂಪು, ಬೊಕ್ಕೆ, ಬಾವುಗಳಿವೆಯೇ ಎಂದು ಪರೀಕ್ಷಿಸಬೇಕು. ಅಂಗಾಲಿನಲ್ಲಿ ಸ್ಪರ್ಶಜ್ಞಾನವಿರುವ ಕೈಯಿಂದ ಮುಟ್ಟಿ, ಒಂದೆಡೆ ಮಾತ್ರ ಬಿಸಿಯೇರಿದೆಯೇ ಎಂದು ತಿಳಿಯಬೇಕು. ಅಂಥ ಗುರುತು ಕಂಡರೆ ಆ ಕಾಲಿನ ಮೇಲೆ ಭಾರ ಹಾಕದೆ ವೈದ್ಯರಿಗೆ ತೋರಿಸಬೇಕು. ಮೃದುವಾದ ಅಟ್ಟೆಯುಳ್ಳ ಪಾದರಕ್ಷೆಯಿಲ್ಲದೆ ನಡೆಯಲಾಗದು.

ಶಸ್ತ್ರಚಿಕಿತ್ಸೆಯು ಚಲನೆಯನ್ನು ಮರಳಿ ಕೊಟ್ಟಿತೇ ಹೊರತು ಸ್ಪರ್ಶವನ್ನಲ್ಲ. ನೆಟ್ಟಗೆ ನಡೆಯಬಲ್ಲವನಾಗಿ ಊರಿಗೆ ಹಿಂದಿರುಗಿದವನು ಹೆಚ್ಚು ನಡೆಯುತ್ತಾನೆ, ಹೆಚ್ಚು ದುಡಿಯುತ್ತಾನೆ; ಅವನ ಅಂಗಾಲಿಗೆ ಅಪಾಯವೂ ಅಷ್ಟೇ ಹೆಚ್ಚು. ಪ್ಲಾಸ್ಟರನ್ನು ಬಿಚ್ಚಿ ವರ್ಷಗಳೇ ಕಳೆದರೂ ಸಂಜೆ ಮನೆಗೆ ಬಂದ ಮೇಲೆ ಪಾದ ತೊಳೆದು ಒಮ್ಮೆ ತಿರುಗಿಸಿ ನೋಡುವ ಆ ಕೆಲಸವು ಅವನ ಪಾಲಿಗೆ ಮುಗಿಯುವುದಿಲ್ಲ.