ಮಾಸ್ತಿ, ಶ್ರೀನಿವಾಸ ಒಬ್ಬರೇ ಎಂದು ಯಂತ್ರಕ್ಕೆ ತಿಳಿಸುವುದು ಹೇಗೆ?

ಗಾಂಧಿ ಬಜಾರಿನ ಪುಸ್ತಕದಂಗಡಿಯಲ್ಲಿ ‘ಮಾಸ್ತಿಯವರದು ಏನೇನಿದೆ?’ ಎಂದು ಕೇಳಿದರೆ, ಕಪಾಟುಗಳ ನಡುವೆ ಪಳಗಿದವರು ತಡವರಿಸುವುದಿಲ್ಲ. ಪಕ್ಕದ ಗವಿಪುರದಲ್ಲಿ ಬಾಳಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರೇ ‘ಶ್ರೀನಿವಾಸ’ ಎಂದು ಅವರಿಗೆ ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ಲ. ಅದರ ಪಾಲಿಗೆ ಅಕ್ಷರ ಬೇರೆಯಾದರೆ ಆಳೂ ಬೇರೆ. ಕವಿ ನಿಸಾರ್ ‘ಅಹಮದ್’ ಒಬ್ಬರು, ನಿಸಾರ್ ‘ಅಹ್ಮದ್’ ಇನ್ನೊಬ್ಬರು. ಪುಸ್ತಕ, ಲೇಖಕ, ಪ್ರಕಾಶಕ, ಬೆಲೆ ಎಲ್ಲವನ್ನೂ ಒಂದೇ ಉದ್ದನೆಯ ಪಟ್ಟಿಯಲ್ಲಿ ತುಂಬಿದರೆ ಈ ತೊಡಕು ಸಾಲುಸಾಲಿಗೂ ಹೆಚ್ಚುತ್ತದೆ.

ಇದಕ್ಕೆ ದಾರಿ ತೋರಿಸಿದವರು ಐಬಿಎಂ ಸಂಸ್ಥೆಯ ಗಣಿತಜ್ಞ ಎಡ್ಗರ್ ಕಾಡ್. ಮಾಹಿತಿಯನ್ನು ಬೇರೆ ಬೇರೆ ಕೋಷ್ಟಕಗಳಲ್ಲಿಟ್ಟು, ಒಂದರ ಗುರುತನ್ನು ಇನ್ನೊಂದರಲ್ಲಿ ಬರೆದು ಬೆಸೆಯುವ ಮಾದರಿಯನ್ನು ಅವರು 1970ರಲ್ಲಿ ಮಂಡಿಸಿದರು. ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕು, ಉಳಿದೆಡೆ ಅದರತ್ತ ಬೆರಳು ತೋರಿಸಿದರೆ ಸಾಕು.

ಈ ಮಾದರಿಯನ್ನು ಸಾಮಾನ್ಯರ ಕೈಗೆ ತಂದ ಸಲಕರಣೆಗಳಲ್ಲಿ ಪೈಥಾನ್ ಭಾಷೆಯ ಜ್ಯಾಂಗೋ ಒಂದು. ಅಮೆರಿಕದ ಕ್ಯಾನ್ಸಸ್‌ ರಾಜ್ಯದ ದಿನಪತ್ರಿಕೆಯೊಂದರ ಕಚೇರಿಯಲ್ಲಿ ಹುಟ್ಟಿ, 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಕೋಷ್ಟಕಗಳನ್ನೂ ಅವುಗಳ ನಂಟನ್ನೂ ಪೈಥಾನ್‌ನಲ್ಲಿ ಬರೆದು ನೋಂದಾಯಿಸಿದರೆ, ಮಾಹಿತಿ ತುಂಬುವ, ತಿದ್ದುವ, ಅಳಿಸುವ ಪುಟಗಳನ್ನು ಅದರ ಅಡ್ಮಿನ್ ಪ್ಯಾನೆಲ್ ತಾನೇ ಒದಗಿಸುತ್ತದೆ.

ನಿಸಾರರ ಮೊದಲ ಕವನ ಸಂಕಲನ ‘ಮನಸು ಗಾಂಧಿಬಜಾರು’ ಪ್ರಕಟವಾದದ್ದು 1960ರಲ್ಲಿ. ಅದನ್ನು ಪಟ್ಟಿಗೆ ಸೇರಿಸುವಾಗ ಪ್ರಕಾಶಕರ ಹೆಸರನ್ನು ಎಲ್ಲಿ ಬರೆಯುವುದು? ಕೃತಿಗೇ ಅಂಟಿಸಿದರೆ, ನಾಳೆ ಬೇರೊಬ್ಬರು ಮರುಮುದ್ರಿಸಿದಾಗ ಸಿಕ್ಕಿಬೀಳುತ್ತೇವೆ. ವರ್ಷ, ಬೆಲೆ, ಪ್ರಕಾಶಕರು ಮೂರೂ ಸೇರಬೇಕಾದದ್ದು ಆವೃತ್ತಿಗೆ. ಹೀಗಾಗಿ ಪ್ರತಿ ಆವೃತ್ತಿಯೂ ಒಂದು ಕೃತಿಯತ್ತ, ಒಬ್ಬ ಪ್ರಕಾಶಕರತ್ತ ಬೆರಳು ತೋರಿಸುತ್ತದೆ. ಇದೇ ‘ಫಾರಿನ್ ಕೀ’. ಅಡ್ಮಿನ್ ಪುಟದಲ್ಲಿ ಇದು ಆಯ್ಕೆಪಟ್ಟಿಯಾಗಿ ಕಾಣುತ್ತದೆ. ಪ್ರತಿಸಲವೂ ಹೆಸರು ಟೈಪ್ ಮಾಡುವ ಕೆಲಸ ತಪ್ಪುವುದರಿಂದ ಕಾಗುಣಿತದ ಗೊಂದಲವೂ ತಗ್ಗುತ್ತದೆ.

ಲೇಖಕರ ನಂಟು ಇನ್ನಷ್ಟು ಸಂಕೀರ್ಣ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಹಿಂದೆ ಹಲವು ವಿದ್ವಾಂಸರ ದುಡಿಮೆಯಿದೆ. ಅವರಲ್ಲಿ ಒಬ್ಬರಾದ ಜಿ. ವೆಂಕಟಸುಬ್ಬಯ್ಯನವರ ಹೆಸರಿನಲ್ಲಿ ಬೇರೆ ಅನೇಕ ಪುಸ್ತಕಗಳೂ ಇವೆ. ಒಂದಕ್ಕೆ ಹಲವರು, ಒಬ್ಬರಿಗೆ ಹಲವು: ಇದು ‘ಮೆನಿ ಟು ಮೆನಿ’. ಇಂಥಲ್ಲಿ ಜ್ಯಾಂಗೋ ನಡುವೆ ಮೂರನೆಯ ಕೋಷ್ಟಕವೊಂದನ್ನು ಕಟ್ಟಿ, ಪ್ರತಿ ಜೋಡಿಗೂ ಒಂದು ಸಾಲು ಇಡುತ್ತದೆ. ಆ ಕೋಷ್ಟಕವನ್ನು ನಾವೇ ಬರೆದರೆ ‘ಪಾತ್ರ’ ಎಂಬ ಕಾಲಂ ಸೇರಿಸಬಹುದು: ಲೇಖಕ, ಸಂಪಾದಕ, ಅನುವಾದಕ. ಪಟ್ಟಿಗಳಲ್ಲಿ ಸುಲಭವಾಗಿ ಮರೆತುಹೋಗುವ ಅನುವಾದಕರಿಗೆ ಆಗ ಜಾಗ ಸಿಗುತ್ತದೆ. ಕಾವ್ಯನಾಮಗಳನ್ನು ಪ್ರತ್ಯೇಕ ಕೋಷ್ಟಕದಲ್ಲಿಟ್ಟು ವ್ಯಕ್ತಿಗೆ ಬೆಸೆದು, ಹುಡುಕುವಾಗ ಅದನ್ನೂ ನೋಡುವಂತೆ ಹೇಳಿದರೆ, ‘ಶ್ರೀನಿವಾಸ’ ಎಂದು ಹುಡುಕಿದವರಿಗೂ ಮಾಸ್ತಿ ಸಿಗುತ್ತಾರೆ.

ಬಹಳ ಎಚ್ಚರ ಬೇಕಾದದ್ದು ಅಳಿಸುವಾಗ. ಒಬ್ಬ ಪ್ರಕಾಶಕರು ಅಂಗಡಿ ಮುಚ್ಚಿದರೆಂದು ಅವರ ಸಾಲನ್ನು ತೆಗೆದರೆ ಅವರ ಆವೃತ್ತಿಗಳ ಗತಿಯೇನು? ಫಾರಿನ್ ಕೀ ಬರೆಯುವಾಗಲೇ ಇದಕ್ಕೆ ಉತ್ತರಿಸಬೇಕೆಂದು 2017ರಲ್ಲಿ ಬಂದ ಜ್ಯಾಂಗೋ 2.0 ಕಡ್ಡಾಯ ಮಾಡಿತು. ‘ಕ್ಯಾಸ್ಕೇಡ್’ ಎಂದರೆ ಆವೃತ್ತಿಗಳೂ ಜೊತೆಗೇ ಅಳಿಯುತ್ತವೆ. ‘ಸೆಟ್ ನಲ್’ ಎಂದರೆ ಪ್ರಕಾಶಕರ ಜಾಗ ಖಾಲಿಯಾಗಿ ಆವೃತ್ತಿ ಉಳಿಯುತ್ತದೆ. ‘ಪ್ರೊಟೆಕ್ಟ್’ ಎಂದರೆ ಆವೃತ್ತಿಗಳು ಇರುವ ತನಕ ಪ್ರಕಾಶಕರನ್ನು ಅಳಿಸಲು ಯಂತ್ರ ಒಪ್ಪುವುದಿಲ್ಲ. ಮುಚ್ಚಿದ ಪ್ರಕಾಶನಗಳೂ ನಮ್ಮ ಸಾಹಿತ್ಯ ಚರಿತ್ರೆಯ ಭಾಗವೇ ಆದ್ದರಿಂದ, ಕನ್ನಡದ ಪುಸ್ತಕಪಟ್ಟಿಗೆ ಪ್ರೊಟೆಕ್ಟೇ ಸರಿ.

ಈ ಯಾವ ನಿರ್ಧಾರವನ್ನೂ ಯಂತ್ರ ತಾನಾಗಿ ಮಾಡದು. ಕೋಡ್ ಬರೆಯುವವರು ಒಬ್ಬರೇ ಮಾಡಲೂಬಾರದು. ಯಾರ ಕಾವ್ಯನಾಮ ಯಾವುದು, ಯಾವುದು ಮರುಮುದ್ರಣ, ಯಾವುದು ಪರಿಷ್ಕೃತ ಆವೃತ್ತಿ ಎಂದು ಬಲ್ಲವರು ಪುಸ್ತಕಗಳ ನಡುವೆ ಬದುಕಿದವರು. ಮೊದಲ ಸಾಲು ಕೋಡ್ ಬರೆಯುವ ಮುನ್ನ ಅವರ ಜೊತೆ ಕೂತು ಮಾತಾಡಬೇಕು.