ಹೊಡೆಯದೆ ನಾಯಿಗೆ ಕಲಿಸುವುದು ಹೇಗೆ?

ನಮ್ಮ ಮೈಸೂರಿನ ವಿದ್ಯಾರಣ್ಯಪುರಂನಲ್ಲಿ ಬೀದಿನಾಯಿಯೂ ಉಂಟು, ಸಾಕಿದ ನಾಯಿಯೂ ಉಂಟು. ಹೊಡೆದರೆ ನಾಯಿಗೆ ಬುದ್ಧಿ ಬರುತ್ತೆ ಅಂತ ಕೆಲವರು ಹೇಳುತ್ತಾರೆ. ಆದರೆ ಏಟು ತಿಂದ ನಾಯಿ ಭಯ ಕಲಿಯುತ್ತದೆ. ಹೆದರಿದ ನಾಯಿ ತನ್ನನ್ನು ಕಾಪಾಡಿಕೊಳ್ಳಲು ಕಚ್ಚಬಹುದು. ಬಾಲ ಕಾಲ ನಡುವೆ ಸೇರಿದರೆ, ಕಿವಿ ಹಿಂದಕ್ಕೆ ಮಡಚಿದರೆ ಅದು ಹೆದರಿದೆ ಎಂದು ತಿಳಿಯಿರಿ. ಆಗ ಅದನ್ನು ಸುಮ್ಮನೆ ಬಿಟ್ಟುಬಿಡಬೇಕು.

ಮನೆಯ ನಾಯಿಗೆ ಕೂತುಕೊಳ್ಳಲು ಹೀಗೆ ಕಲಿಸಬಹುದು. ಚಪಾತಿ ಚೂರನ್ನು ಅದರ ಮೂಗಿನ ಮುಂದೆ ಹಿಡಿದು, ನಿಧಾನವಾಗಿ ತಲೆಯ ಮೇಲೆ ಹಿಂದಕ್ಕೆ ಒಯ್ಯಿರಿ. ತಲೆ ಮೇಲೆತ್ತಿದಾಗ ಹಿಂಭಾಗ ತಾನಾಗಿ ಕೆಳಗಿಳಿಯುತ್ತದೆ. ಕೂತ ತಕ್ಷಣ "ಭೇಷ್" ಅಂದು ಚೂರು ಕೊಡಿ. ತಡವಾದರೆ ಯಾತಕ್ಕೆ ಕೊಟ್ಟರು ಅಂತ ಅದಕ್ಕೆ ಗೊತ್ತಾಗೋದಿಲ್ಲ. ದಿನಕ್ಕೆ ಐದು ನಿಮಿಷ ಸಾಕು. ತಪ್ಪಿದರೆ ಬೈಯದೆ ಮತ್ತೆ ಮಾಡಿಸಿ. ಈರುಳ್ಳಿ, ಚಾಕೊಲೇಟ್ ಕೊಡಬೇಡಿ, ಅವು ನಾಯಿಗೆ ವಿಷ.

ನಮ್ಮ ನಾಡಿನ ನಾಯಿಗಳು ಜಾಣ. ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಯ ಮರಿಗಳನ್ನು 2016ರಲ್ಲಿ ಸೈನ್ಯದವರೇ ತರಬೇತಿಗೆ ಮೀರತ್‌ಗೆ ಒಯ್ದರು. ಪ್ರಾಣಿಯನ್ನು ಹೊಡೆದು ಹಿಂಸಿಸುವುದು 1960ರ ಕಾಯ್ದೆಯಂತೆ ಅಪರಾಧ. ಆದ್ದರಿಂದ ಕಲ್ಲು, ಕೋಲು ಕೆಳಗಿಡೋಣ. ಭಯವಿಲ್ಲದ ನಾಯಿ ಇದ್ದರೆ ಬೀದಿಯಲ್ಲಿ ಆಡುವ ಚಿಕ್ಕ ಮಕ್ಕಳಿಗೂ ಕ್ಷೇಮ.

— ಏಳನೇ ತರಗತಿ ವಿದ್ಯಾರ್ಥಿನಿ